ಮನೆಯ ಕಾರನ್ನು ಎಥನಾಲ್‌ಗೆ ಒಗ್ಗಿಸುವುದು ಹೇಗೆ: ದಾವಣಗೆರೆಯ ಗ್ಯಾರೇಜಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಕೊಯ್ಲು ಮುಗಿದ ಮೇಲೆ ದಾವಣಗೆರೆಯಿಂದ ಯಾವ ದಿಕ್ಕಿಗೆ ಹೊರಟರೂ ರಸ್ತೆಯ ಒಂದು ಪಕ್ಕ ಮೆಕ್ಕೆಜೋಳದ ಪಾಲಾಗಿರುತ್ತದೆ. ಹಳದಿ ಕಾಳಿನ ಹಾಸು, ಅದರ ಅಂಚಿಗೆ ಸಾಲಾಗಿ ಇಟ್ಟ ಕಲ್ಲು, ಪಕ್ಕದಲ್ಲಿ ಕಾವಲಿಗೆ ಕುಳಿತ ಅಜ್ಜ. ನಾವು ಗೊಣಗುತ್ತಲೇ ಕಾರನ್ನು ಬದಿಗೆ ತೆಗೆದುಕೊಂಡು ಹೋಗುತ್ತೇವೆ. ಆ ಕಾಳಿನಲ್ಲಿ ಒಂದು ಪಾಲು ಈಗ ಡಿಸ್ಟಿಲರಿಗೆ ಹೋಗಿ, ಎಥನಾಲ್ ಆಗಿ, ಪೆಟ್ರೋಲಿನಲ್ಲಿ ಬೆರೆತು ನಮ್ಮದೇ ಟ್ಯಾಂಕಿಗೆ ಮರಳಿ ಬರುತ್ತದೆ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಯ ಎಥನಾಲ್ ಘಟಕವೂ ಊರಿನಿಂದ ದೂರವೇನಿಲ್ಲ. ಇಂಧನ ನಮ್ಮ ನೆಲದ್ದು. ಕಾರು ಮಾತ್ರ ಆ ಇಂಧನಕ್ಕೆಂದು ಹುಟ್ಟಿದ್ದಲ್ಲ. ತೊಡಕು ಇರುವುದೇ ಅಲ್ಲಿ.

ನಮ್ಮ ಮನೆಯದು 2011ರ ಕಾರು. 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದನ್ನು ಎಥನಾಲ್‌ಗೆ ಒಗ್ಗಿಸುವ ಕೆಲಸದಲ್ಲಿ ನಾನು ಕಲಿತದ್ದನ್ನು, ಕೆಡಿಸಿಕೊಂಡದ್ದನ್ನೂ ಸೇರಿಸಿ, ಹಂತ ಹಂತವಾಗಿ ಬರೆದಿದ್ದೇನೆ. ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ಎಲ್ಲರ ಕಣ್ಣು ಬೀಳುವುದು ಎಂಜಿನ್‌ಗೆ ಹೋಗುವ ಇಂಧನವನ್ನು ಹೆಚ್ಚಿಸುವ ಎಲೆಕ್ಟ್ರಾನಿಕ್ ಡಬ್ಬದ ಮೇಲೆ. ಕಾರನ್ನು ರಸ್ತೆಯಲ್ಲಿ ನಿಲ್ಲಿಸುವುದು ಮಾತ್ರ ಒಂದು ತುಂಡು ರಬ್ಬರ್ ಪೈಪು ಅಥವಾ ಕಟ್ಟಿಕೊಂಡ ಫಿಲ್ಟರ್.

ಹಂತ 1: ಎಷ್ಟು ಎಥನಾಲ್ ಎಂಬುದನ್ನು ಮೊದಲು ತೀರ್ಮಾನಿಸಿ

"ಎಥನಾಲ್ ಕಾರು" ಎಂಬ ಒಂದೇ ಮಾತಿನ ಕೆಳಗೆ ಎರಡು ಬೇರೆ ಬೇರೆ ಕೆಲಸಗಳಿವೆ.

ಮೊದಲನೆಯದು, ಹಳೆಯ ಕಾರನ್ನು ಇ20ಗೆ, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಸಿದ್ಧಪಡಿಸುವುದು. ಇದು ಈಗ ಆಯ್ಕೆಯಾಗಿ ಉಳಿದಿಲ್ಲ. 2003ರಲ್ಲಿ ಶೇ 5ರ ಗುರಿಯೊಂದಿಗೆ ಆರಂಭವಾದ ಮಿಶ್ರಣ ಕಾರ್ಯಕ್ರಮ 2022ರ ಜೂನ್ ಹೊತ್ತಿಗೆ ಶೇ 10 ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ20ಗೆ ಚಾಲನೆ ಸಿಕ್ಕಿತು. ಇಂದು ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲೇ ಇ20. ನಿಮ್ಮ ಕಾರು 2023ರ ಏಪ್ರಿಲ್‌ಗೆ ಮುಂಚಿನದಾದರೆ ಕೈಪಿಡಿಯನ್ನು ಮತ್ತು ಇಂಧನ ಮುಚ್ಚಳದ ಒಳಬದಿಯ ಚೀಟಿಯನ್ನು ನೋಡಿ. ಅಲ್ಲಿ ಇ10 ಎಂದಿದ್ದರೆ, ಅಥವಾ ಏನೂ ಇಲ್ಲದಿದ್ದರೆ, ಈ ಕೆಲಸ ನಿಮಗೂ ಇದೆ.

ಎರಡನೆಯದು ನಿಜವಾದ ಪರಿವರ್ತನೆ. ಇ85 ಅಥವಾ ಅದಕ್ಕೂ ಹೆಚ್ಚು ಎಥನಾಲ್ ಕುಡಿದು ಓಡುವ, ಬೇಕೆಂದಾಗ ಪೆಟ್ರೋಲಿಗೂ ಮರಳುವ ಫ್ಲೆಕ್ಸ್ ಫ್ಯೂಯೆಲ್ ಕಾರು. ಬ್ರೆಜಿಲ್‌ನಲ್ಲಿ 2003ರಿಂದ ಕಾರ್ಖಾನೆಯಲ್ಲೇ ಹೀಗೆ ತಯಾರಾಗಿ ಬರುತ್ತಿವೆ. ಹಳೆಯ ಕಾರಿಗೆ ಡಬ್ಬ ಜೋಡಿಸಿ ಇ85 ಓಡಿಸಲು ಫ್ರಾನ್ಸ್ 2017ರ ಕೊನೆಯಲ್ಲಿ ನಿಯಮ ಮಾಡಿ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 183 ಬಂಕುಗಳಲ್ಲಿ "ಎಥನಾಲ್ 100" ಮಾರಾಟಕ್ಕೆ ಬಂತು. ನಿಮ್ಮ ದಿನನಿತ್ಯದ ಓಡಾಟದ ದಾರಿಯಲ್ಲಿ ಅಂಥ ಬಂಕ್ ಇಲ್ಲದಿದ್ದರೆ ಎರಡನೆಯ ಕೆಲಸಕ್ಕೆ ಕೈ ಹಾಕುವುದರಲ್ಲಿ ಅರ್ಥವೇ ಇಲ್ಲ. ಬಂಕನ್ನು ಹುಡುಕಿಕೊಂಡು 80 ಕಿ.ಮೀ. ಹೋಗಿ ಬಂದರೆ ಉಳಿತಾಯವೆಲ್ಲ ಆ ದಾರಿಯಲ್ಲೇ ಸುಟ್ಟಿರುತ್ತದೆ.

ನಾನು ಮೊದಲ ಕೆಲಸವನ್ನು ಪೂರ್ತಿ ಮಾಡಿದ್ದೇನೆ, ಎರಡನೆಯದಕ್ಕೆ ಲೆಕ್ಕ ಹಾಕಿ ನಿಲ್ಲಿಸಿದ್ದೇನೆ. ಏಕೆಂದು ಮುಂದಿನ ಹಂತದಲ್ಲೇ ತಿಳಿಯುತ್ತದೆ. ಆದರೂ ಎರಡರ ಕ್ರಮವನ್ನೂ ಬರೆದಿದ್ದೇನೆ, ಏಕೆಂದರೆ ಮೊದಲನೆಯದು ಮುಗಿಯದೆ ಎರಡನೆಯದು ನಡೆಯುವುದಿಲ್ಲ.

ಡೀಸೆಲ್ ಕಾರಿನವರು ಇಲ್ಲಿಂದಲೇ ಎದ್ದು ಹೋಗಬಹುದು. ಡೈರೆಕ್ಟ್ ಇಂಜೆಕ್ಷನ್ (ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ) ಟರ್ಬೊ ಎಂಜಿನ್ ಇದ್ದವರು ಐದನೆಯ ಮತ್ತು ಆರನೆಯ ಹಂತಗಳನ್ನು ತಜ್ಞರ ಕೈಯಲ್ಲೇ ಮಾಡಿಸಿ, ಫ್ಲೆಕ್ಸ್ ಡಬ್ಬದ ಗೋಜಿಗೇ ಹೋಗಬೇಡಿ.

ಹಂತ 2: ಕಾಗದಪತ್ರ

ಇ20ಗೆ ಪೈಪು, ಸೀಲು, ಫಿಲ್ಟರ್ ಬದಲಿಸಲು ಯಾರ ಅನುಮತಿಯೂ ಬೇಡ, ಅದು ದುರಸ್ತಿ. ಇ85 ಹಾಗಲ್ಲ. ಆರ್‌ಸಿಯಲ್ಲಿ ಇಂಧನದ ಬಗೆ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ತನ್ನಿಷ್ಟಕ್ಕೆ ವಾಹನವನ್ನು ಬದಲಿಸುವಂತಿಲ್ಲ. ಬೇರೆ ಇಂಧನದ ಕಿಟ್ ಹಾಕಬೇಕಾದರೆ ಅದು ನಿಯಮಕ್ಕೆ ಒಳಪಟ್ಟ, ಪರೀಕ್ಷಾ ಸಂಸ್ಥೆಯ ಮಾನ್ಯತೆ ಪಡೆದ ಕಿಟ್ ಆಗಿರಬೇಕು. ಸಿಎನ್‌ಜಿ ಹಾಕಿಸಿದವರಿಗೆ ಈ ಓಡಾಟ ಗೊತ್ತಿರುತ್ತದೆ.

ಒಬ್ಬ ವ್ಯಾಪಾರಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬವೊಂದನ್ನು ನನ್ನ ಮುಂದಿಟ್ಟು, "ಅರ್ಧ ಗಂಟೆಯ ಕೆಲಸ ಸರ್, ಹಾಕಿಸಿ ಮರೆತುಬಿಡಿ" ಎಂದ. ನಮ್ಮ ಮಾಡೆಲ್‌ಗೆ ಇದಕ್ಕೆ ಮಾನ್ಯತಾ ಪತ್ರ ಇದೆಯೇ ಎಂದು ಕೇಳಿದೆ. ಮೊಬೈಲ್ ತೆಗೆದು ಯಾವುದೋ ವಿದೇಶಿ ಭಾಷೆಯ ಪತ್ರದ ಫೋಟೊ ತೋರಿಸಿದ. ಅದು ನಮ್ಮ ಆರ್‌ಟಿಒ ಕಚೇರಿಯಲ್ಲಿ ನಡೆಯುವ ನಾಣ್ಯವಲ್ಲ. ಪತ್ರ ಇಲ್ಲದ ಕಿಟ್ ಹಾಕಿ ರಸ್ತೆಗಿಳಿದು ಏನಾದರೂ ಅವಘಡವಾದರೆ ವಿಮಾ ಕಂಪನಿ ಮೊದಲು ಬಿಚ್ಚಿ ನೋಡುವುದೇ ಆ ಡಬ್ಬವನ್ನು. ಆದ್ದರಿಂದ ಕ್ರಮ ಹೀಗಿರಲಿ: ಮಾನ್ಯತಾ ಪತ್ರ ನೋಡಿ, ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಆಮೇಲೆ ಹಣ ಕೊಡಿ. ನಾನು ನಿಂತದ್ದು ಮೊದಲ ಮೆಟ್ಟಿಲಲ್ಲೇ.

ಇನ್ನೊಂದು ಎಚ್ಚರಿಕೆ. "ಸ್ಪಿರಿಟ್ ತಂದು ನಾವೇ ಬೆರೆಸಿದರೆ ಆಯಿತಲ್ಲ" ಎನ್ನುವವರು ಪ್ರತಿ ಚಹಾ ಅಂಗಡಿಯಲ್ಲೂ ಒಬ್ಬರಾದರೂ ಇರುತ್ತಾರೆ. ಸಾಮಾನ್ಯ ರೆಕ್ಟಿಫೈಡ್ ಸ್ಪಿರಿಟ್‌ನಲ್ಲಿ ನೀರು ಉಳಿದಿರುತ್ತದೆ. ಎಷ್ಟು ಸಲ ಬಟ್ಟಿ ಇಳಿಸಿದರೂ ಎಥನಾಲ್ ಪ್ರಮಾಣ ಸುಮಾರು ಶೇ 95.6ರಲ್ಲಿ ನಿಂತುಬಿಡುತ್ತದೆ. ಇಂಧನಕ್ಕೆ ಬೇಕಾದದ್ದು ಶೇ 99ಕ್ಕೂ ಮೇಲ್ಪಟ್ಟ, ನೀರು ಹೀರಿ ತೆಗೆದ ಎಥನಾಲ್. ಕೈಗಾರಿಕೆಯ ಸ್ಪಿರಿಟ್‌ನಲ್ಲಿ ಮೆಥನಾಲ್ ಬೆರೆತಿದ್ದರೆ ಅದು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ, ಉಸಿರಿಗೂ ಕಣ್ಣಿಗೂ ವಿಷ. ಮನೆಯಲ್ಲಿ ಬಟ್ಟಿ ಇಳಿಸಲು ಹೊರಟರಂತೂ ಅಬಕಾರಿಯವರು ಬಾಗಿಲಿಗೇ ಬರುತ್ತಾರೆ.

ಹಂತ 3: ಇಂದಿನ ಸ್ಥಿತಿಯನ್ನು ಬರೆದಿಡಿ

ಒಂದು ನೋಟ್‌ಬುಕ್ ಮಾಡಿ. ಕಾರಿನ ಈಗಿನ ನಡತೆ ಗೊತ್ತಿಲ್ಲದಿದ್ದರೆ ನಾಳೆ ಬಂದ ತೊಂದರೆ ಎಥನಾಲ್‌ನದೋ ಹಳೆಯ ರೋಗವೋ ಎಂದು ಹೇಳುವುದು ಯಾರಿಂದಲೂ ಆಗುವುದಿಲ್ಲ.

ಮೈಲೇಜನ್ನು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕಿ, ಕನಿಷ್ಠ ಮೂರು ಸಲ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ನಂಬಬೇಡಿ. ಸ್ಟೀರಿಂಗ್ ಕೆಳಗೆ, ಕಾರಿನ ಕಂಪ್ಯೂಟರಿನ ಮಾಹಿತಿ ಓದಲೆಂದೇ ಇರುವ ಒಬಿಡಿ ಸಾಕೆಟ್‌ಗೆ ಚುಚ್ಚುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ಕೊಳ್ಳಿ. ಈ ಇಡೀ ಕೆಲಸದಲ್ಲಿ ದುಡ್ಡಿಗೆ ತಕ್ಕ ಸಾಮಾನು ಅದೊಂದೇ ಎನ್ನಬಹುದು. ಅದರಲ್ಲಿ ನೋಡಬೇಕಾದದ್ದು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಇಂಧನ ಕೊಡುತ್ತಿದೆ ಎಂಬುದರ ಶೇಕಡಾವಾರು ಅದು.

ಇದು ಏಕೆ ಮುಖ್ಯ ಎಂದರೆ, ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡ ಇಂಧನ. 1 ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು, 1 ಕಿಲೊ ಎಥನಾಲ್‌ಗೆ 9 ಕಿಲೊ ಸಾಕು. ಇ20ಗೆ ಈ ಅಂಕಿ ಸುಮಾರು 13.5, ಇ85ಗೆ ಸುಮಾರು 9.8. ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವುದರಿಂದ, ಎಥನಾಲ್ ಹೆಚ್ಚಿದಷ್ಟೂ ಇಂಧನವನ್ನು ಹೆಚ್ಚು ಸುರಿಯಬೇಕು. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಕೊರತೆಯನ್ನು ಗುರುತಿಸುತ್ತದೆ, ಕಂಪ್ಯೂಟರ್ ಟ್ರಿಮ್ ಏರಿಸಿ ಸರಿಮಾಡುತ್ತದೆ. ಇ10 ಇದ್ದ ಕಾಲದಲ್ಲಿ ನಮ್ಮ ಕಾರಿನ ಟ್ರಿಮ್ ಶೇ 3ರ ಆಸುಪಾಸು ಇತ್ತು, ಇ20 ಬಂದ ಮೇಲೆ ಶೇ 7ಕ್ಕೆ ಏರಿತು. ಲೆಕ್ಕಕ್ಕೆ ಸರಿಹೊಂದುವ ಏರಿಕೆ. ನಿಮ್ಮದು ಈಗಲೇ ಶೇ 12 ದಾಟಿದ್ದರೆ ಎಥನಾಲ್‌ನ ಮಾತು ಪಕ್ಕಕ್ಕಿಟ್ಟು, ಎಲ್ಲಿಂದಲೋ ಸೋರಿ ಒಳಬರುತ್ತಿರುವ ಗಾಳಿಯನ್ನು, ಎಂಜಿನ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಕೊಳೆಯಾಗಿದೆಯೇ ಎಂಬುದನ್ನು ಹುಡುಕಿ.

ಹಂತ 4: ಟ್ಯಾಂಕಿನಲ್ಲಿ ಇರುವುದೇನು?

ಇದು ಮಕ್ಕಳೊಂದಿಗೆ ನೋಡಬಹುದಾದ ಪರೀಕ್ಷೆ, ಆದರೆ ಅಂಗಳದಲ್ಲಿ, ಒಲೆಯಿಂದಲೂ ಬೀಡಿಯಿಂದಲೂ ದೂರ. 100 ಮಿ.ಲೀ. ಗುರುತು ಇರುವ ಗಾಜಿನ ಅಳತೆ ಸಿಲಿಂಡರ್ ಬೇಕು. ಅದಕ್ಕೆ 10 ಮಿ.ಲೀ. ನೀರು ಹಾಕಿ, ಇಂಕ್ ಪೆನ್ನಿನ ನೀಲಿ ಶಾಯಿ ಒಂದು ಹನಿ ಬಿಡಿ. ಮೇಲೆ 90 ಮಿ.ಲೀ. ಪೆಟ್ರೋಲ್. ಬಾಯಿ ಮುಚ್ಚಿ ನಿಧಾನವಾಗಿ ಹತ್ತು ಸಲ ತಲೆಕೆಳಗು ಮಾಡಿ, ಹತ್ತು ನಿಮಿಷ ಬಿಡಿ.

ಎಥನಾಲ್‌ಗೆ ಪೆಟ್ರೋಲಿಗಿಂತ ನೀರಿನ ಸ್ನೇಹವೇ ಹೆಚ್ಚು. ಪೆಟ್ರೋಲನ್ನು ಬಿಟ್ಟು ನೀರಿಗೆ ಇಳಿಯುತ್ತದೆ, ನೀಲಿ ಪದರ ಮೇಲೇರುತ್ತದೆ. ನಮ್ಮ ಸಿಲಿಂಡರಿನಲ್ಲಿ 10ರಲ್ಲಿ ಇದ್ದ ನೀಲಿ ಗೆರೆ 27ಕ್ಕೆ ಬಂದು ನಿಂತಿತು. ಹೆಚ್ಚಾದ 17 ಮಿ.ಲೀ.ಯನ್ನು 90ರಿಂದ ಭಾಗಿಸಿದರೆ ಸುಮಾರು ಶೇ 19. ಸ್ವಲ್ಪ ಎಥನಾಲ್ ಮೇಲೇ ಉಳಿಯುವುದರಿಂದ ಈ ಲೆಕ್ಕ ಒಂದೆರಡು ಅಂಶ ಕಡಿಮೆಯೇ ತೋರಿಸುತ್ತದೆ. ಪರೀಕ್ಷೆ ಮಾಡಿದ ಪೆಟ್ರೋಲನ್ನು ಯಾವ ಕಾರಣಕ್ಕೂ ಟ್ಯಾಂಕಿಗೆ ವಾಪಸ್ ಸುರಿಯಬೇಡಿ.

ಸಿಲಿಂಡರಿನಲ್ಲಿ ಕಂಡದ್ದೇ ಟ್ಯಾಂಕಿನೊಳಗೂ ನಡೆಯಬಹುದು. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಜೊತೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ. ಆದ್ದರಿಂದ ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ಬದಲಿಸಿ, ವಾಟರ್ ಸರ್ವಿಸ್ ಮಾಡಿಸುವಾಗ ಮುಚ್ಚಳದ ಕಡೆ ನೀರಿನ ಪೈಪ್ ಹಿಡಿಯದಂತೆ ಹೇಳಿ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು. ಖಾಲಿ ಜಾಗ ಇದ್ದಷ್ಟೂ ತೇವದ ಗಾಳಿ ಬಂದು ಸೇರುತ್ತದೆ.

ಹಂತ 5: ಪೈಪು, ಸೀಲು, ಫಿಲ್ಟರ್

ಇಲ್ಲಿಗೆ ಕೈ ಕೊಳೆಯಾಗುವ ಕೆಲಸ ಆರಂಭ. ಅರ್ಧ ದಿನ ಹಿಡಿಯುತ್ತದೆ. ನೀವೇ ಮಾಡಿದರೂ ಸರಿ, ಮೇಸ್ತ್ರಿ ಮಾಡಿದರೆ ಪಕ್ಕದಲ್ಲಿ ನಿಂತು ನೋಡಿದರೂ ಸರಿ.

ಮೊದಲು ಒತ್ತಡ ಇಳಿಸಿ. ಪೋರ್ಟ್ ಇಂಜೆಕ್ಷನ್ (ಸಿಲಿಂಡರಿನ ಹೊರಗೆ, ಗಾಳಿಯ ದಾರಿಯಲ್ಲಿ ಇಂಧನ ಚಿಮ್ಮಿಸುವ) ಕಾರುಗಳಲ್ಲಿ ಇಂಧನ ಸುಮಾರು 3 ಬಾರ್ ಒತ್ತಡದಲ್ಲಿರುತ್ತದೆ, ಎಂಜಿನ್ ಆರಿಸಿದ ಮೇಲೂ ಪೈಪಿನಲ್ಲಿ ಉಳಿದಿರುತ್ತದೆ. ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಚಾಲೂ ಮಾಡಿ, ತಾನಾಗಿ ಆರುವವರೆಗೆ ಬಿಡಿ. ಇನ್ನೆರಡು ಸಲ ಸೆಲ್ಫ್ ಹೊಡೆಯಿರಿ. ಬ್ಯಾಟರಿಯ ನೆಗೆಟಿವ್ ಕಳಚಿ. ಟ್ಯಾಂಕಿನ ಮುಚ್ಚಳ ಸಡಿಲಿಸಿ. ಪಕ್ಕದಲ್ಲಿ ಒಣ ಪುಡಿಯ ಅಗ್ನಿಶಾಮಕ ಇರಲಿ. ಎಥನಾಲ್ ಹೆಚ್ಚಿದಷ್ಟೂ ಜ್ವಾಲೆ ತೆಳು ನೀಲಿಯಾಗುತ್ತದೆ, ಬಿಸಿಲಿನಲ್ಲಿ ಹತ್ತಿಕೊಂಡದ್ದೇ ಕಾಣದೆ ಹೋಗಬಹುದು.

ಈಗ ರಬ್ಬರ್. ಹಳೆಯ ಕಾರುಗಳ ಪೈಪು ಮತ್ತು ಸೀಲುಗಳಲ್ಲಿ ನೈಟ್ರೈಲ್ ರಬ್ಬರ್ ಸಾಮಾನ್ಯ. ಎಥನಾಲ್ ಸೇರಿದಾಗ ಕೆಲವು ಬಗೆಯ ರಬ್ಬರ್ ಉಬ್ಬುತ್ತದೆ. ಇಂಧನ ಆರಿದಾಗ ಕುಗ್ಗಿ ಗಡುಸಾಗುತ್ತದೆ. ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ ಬಿರುಕು ಬಿಡುತ್ತದೆ. ನಮ್ಮ ಕಾರಿನ ಫಿಲ್ಟರ್ ಬಳಿಯ ಗೇಣುದ್ದದ ತುಂಡನ್ನು ಮೇಸ್ತ್ರಿ ಬಿಚ್ಚಿ ಕೈಗೆ ಕೊಟ್ಟರು. ಹೊರಗಿನಿಂದ ಏನೂ ಆಗಿರಲಿಲ್ಲ. ಬೆರಳಿಗೆ ಸುತ್ತಿ ಬಗ್ಗಿಸಿದಾಗ ಹೊರಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಬಾಯಿ ಬಿಟ್ಟವು. ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಮೈ ಅಂಟಂಟಾಗಿತ್ತು, ಉಗುರಿನಿಂದ ಕೆರೆದರೆ ಕಪ್ಪು ಚೂರುಗಳು ಎದ್ದು ಬಂದವು. "ಇದೇ ಸರ್, ಇಂಜೆಕ್ಟರಿನ ಜರಡಿಗೆ ಹೋಗಿ ಕೂರುವುದು" ಎಂದರು ಮೇಸ್ತ್ರಿ.

ಬದಲಿಗೆ ಹಾಕಬೇಕಾದದ್ದು ಒಳಪದರದಲ್ಲಿ ಫ್ಲೋರೊ ರಬ್ಬರ್ ಇರುವ ಪೈಪು. ಅಂಗಡಿಯಲ್ಲಿ ವೈಟಾನ್ ಎಂದರೆ ತಿಳಿಯುತ್ತದೆ. ಪೈಪಿನ ಮೈಮೇಲೆ "ಎಸ್‌ಎಇ ಜೆ30 ಆರ್9" ಎಂಬ ಗುರುತು ಇರಬೇಕು. ಹಳೆಯ ತುಂಡನ್ನೇ ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಒಯ್ದು ಒಳವ್ಯಾಸ ಹೊಂದಿಸಿ ತನ್ನಿ. ಗುರುತಿಲ್ಲದ ಪೈಪನ್ನು "ಅದೇ ಕ್ವಾಲಿಟಿ" ಎಂದು ಕೊಟ್ಟರೆ ಅಲ್ಲೇ ಬಿಟ್ಟು ಬನ್ನಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಅನುಭವಿ ಮೇಸ್ತ್ರಿಗಳೂ ಎಡವುತ್ತಾರೆ: ಆರ್9 ಪೈಪು ಒಳಗಿನ ಇಂಧನವನ್ನು ತಡೆಯುತ್ತದೆ, ಹೊರಮೈಯನ್ನು ಇಂಧನದಲ್ಲಿ ಮುಳುಗಿಸಿ ಇಡಲು ಮಾಡಿದ್ದಲ್ಲ. ಟ್ಯಾಂಕಿನೊಳಗೆ ಪಂಪಿನ ಪಕ್ಕ ಮುಳುಗಿರುವ ಸಣ್ಣ ತುಂಡಿಗೆ ಆರ್10 ಗುರುತಿನ ಪೈಪೇ ಬೇಕು. ಅದು ದುಬಾರಿ, ಆದರೆ ಬೇಕಾಗುವುದು ಕೆಲವೇ ಅಂಗುಲ.

ಕ್ಲಾಂಪನ್ನೂ ಬದಲಿಸಿ. ಪಟ್ಟಿಯಲ್ಲಿ ಸೀಳು ಇರುವ ಸಾಮಾನ್ಯ ಕ್ಲಾಂಪ್ ಬಿಗಿಯುವಾಗ ಪೈಪನ್ನು ಕಚ್ಚುತ್ತದೆ. ಒಳಮೈ ನುಣುಪಾಗಿರುವ ಇಂಜೆಕ್ಷನ್ ಕ್ಲಾಂಪ್ ಕೇಳಿ. ಪ್ಲಾಸ್ಟಿಕ್ ಲೈನುಗಳನ್ನು ಮುಟ್ಟಬೇಕಾಗಿಲ್ಲ, ಅವುಗಳ ಕನೆಕ್ಟರಿನ ಒ ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಮಾತ್ರ ಹೊಸದು ಹಾಕಿ. ಪ್ರತಿ ಇಂಜೆಕ್ಟರಿನ ಮೇಲೊಂದು, ಕೆಳಗೊಂದು ಒ ರಿಂಗ್ ಇರುತ್ತದೆ. ನಾಲ್ಕು ಇಂಜೆಕ್ಟರಿಗೆ ಎಂಟು. ಕೂರಿಸುವ ಮುನ್ನ ಒಂದು ಹನಿ ಎಂಜಿನ್ ಆಯಿಲ್ ಸವರದಿದ್ದರೆ ಹೊಸ ರಿಂಗೇ ಹರಿದುಹೋಗುತ್ತದೆ.

ಟ್ಯಾಂಕ್ ಪ್ಲಾಸ್ಟಿಕ್‌ನದಾದರೆ ನಿಶ್ಚಿಂತೆ. ಹಳೆಯ ತಗಡಿನ ಟ್ಯಾಂಕಾದರೆ ಪಂಪ್ ತೆಗೆದಾಗ ಬ್ಯಾಟರಿ ಟಾರ್ಚ್ ಹಿಡಿದು ಒಳಗೆ ನೋಡಿ. ತುಕ್ಕು ಇದ್ದರೆ ಟ್ಯಾಂಕ್ ಕೆಳಗಿಳಿಸಿ ತೊಳೆಸದೆ ಮುಂದೆ ಹೋಗಬೇಡಿ. ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಪಂಪಿನ ಮುಚ್ಚಳ ಸಿಗುತ್ತದೆ. ಸೀಟು ಎತ್ತಿದಾಗ ಅಲ್ಲಿ ಸಿಗುವ ಮಂಡಕ್ಕಿ, ಶೇಂಗಾ ಸಿಪ್ಪೆ, ಕಳೆದುಹೋದ ಬಳಪ ಇತ್ಯಾದಿಗಳನ್ನು ಮೊದಲು ಗುಡಿಸಿ. ಟ್ಯಾಂಕಿಗೆ ಬಿದ್ದರೆ ನಗು ಬರುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಫ್ಯೂಸ್ ಹಾಕಿ, ಬ್ಯಾಟರಿ ಕೊಟ್ಟು, ಎಂಜಿನ್ ಚಾಲೂ ಮಾಡದೆ ಕೀಯನ್ನು ಮೂರು ನಾಲ್ಕು ಸಲ ಆನ್ ಆಫ್ ಮಾಡಿ. ಪಂಪ್ ಒತ್ತಡ ಕಟ್ಟುತ್ತದೆ. ಪ್ರತಿ ಜೋಡಣೆಗೆ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಒದ್ದೆ ಟಿಶ್ಯೂಗೆ ತಿಳಿಯುತ್ತದೆ.

ಹಂತ 6: ಮೊದಲ 1,500 ಕಿಲೊಮೀಟರ್

ನಾನು ಕೆಟ್ಟದ್ದು ಇಲ್ಲಿ. ಎಥನಾಲ್ ಒಳ್ಳೆಯ ದ್ರಾವಕ. ಹತ್ತಾರು ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿ ಕೂತ ಕೊಳೆಯನ್ನು ಬಿಡಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ಹೊಸ ಫಿಲ್ಟರ್ ಹಾಕಿದ್ದೇನಲ್ಲ ಎಂದು ನಾನು ನಿರಾಳನಾಗಿದ್ದೆ. ಸುಮಾರು 900 ಕಿ.ಮೀ. ಆಗಿತ್ತು. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಚಿತ್ರದುರ್ಗದ ಕೋಟೆಗೆ ಹೊರಟೆ. ಆನಗೋಡು ದಾಟುವವರೆಗೆ ಎಲ್ಲ ಸರಿ. ಭರಮಸಾಗರ ಸಮೀಪಿಸುತ್ತಿದ್ದಂತೆ ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದಕ್ಕೆ ಹೋಗುವ ಬದಲು ಬಿಕ್ಕಿತು. ಕಾಲು ತೆಗೆದರೆ ಸರಿ, ಒತ್ತಿದರೆ ಮತ್ತೆ ಬಿಕ್ಕು. ಹಿಂದಿನ ಸೀಟಿನಿಂದ ಅಮ್ಮ, "ಚೆನ್ನಾಗಿದ್ದ ಗಾಡಿಯನ್ನು ಏನು ಮಾಡಿದೆಯಪ್ಪಾ?" ಎಂದರು. ಕೋಟೆಯ ಬದಲು ಗ್ಯಾರೇಜ್ ನೋಡಿಕೊಂಡು ಬಂದೆವು. ಫಿಲ್ಟರನ್ನು ತಲೆಕೆಳಗು ಮಾಡಿ ಕುಟ್ಟಿದಾಗ ಬಂದದ್ದು ಬೆಲ್ಲದ ಪಾಕದ ಬಣ್ಣದ ದ್ರವ.

ಆದ್ದರಿಂದ ಫಿಲ್ಟರನ್ನು ಎರಡು ಸಲ ಬದಲಿಸಬೇಕು: ಪೈಪು ಬದಲಿಸುವಾಗ ಒಂದು, 1,000ದಿಂದ 1,500 ಕಿ.ಮೀ. ನಡುವೆ ಇನ್ನೊಂದು. ಅಲ್ಲಿಯವರೆಗೆ ಕುಟುಂಬದೊಂದಿಗೆ ದೂರದ ಪ್ರಯಾಣ ಬೇಡ. ಫಿಲ್ಟರ್ ಟ್ಯಾಂಕಿನೊಳಗೇ ಇರುವ ಕಾರಾದರೆ ಪಂಪಿನ ಬುಡದ ಜರಡಿಯನ್ನೂ ಅದೇ ಸಲ ಬದಲಿಸಿ.

ಟ್ರಿಮ್ ಶೇ 10ರ ಒಳಗೆ ಸ್ಥಿರವಾಗಿದ್ದು, ಪಿಕಪ್ ಸರಿಯಾಗಿದ್ದರೆ ನಿಮ್ಮ ಕಾರು ಇ20ಗೆ ಒಗ್ಗಿತು. ಮೈಲೇಜ್ ಇಳಿಯುತ್ತದೆ, ಅದಕ್ಕೆ ಮೇಸ್ತ್ರಿಯನ್ನು ಬೈಯಬೇಡಿ. 1 ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ, ಎಥನಾಲ್‌ನಲ್ಲಿ ಸುಮಾರು 21. ನೀತಿ ಆಯೋಗದ 2021ರ ಮಾರ್ಗಸೂಚಿಯೇ, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಗೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಕೆ ಅಂದಾಜಿಸಿತ್ತು. ನಮ್ಮ ಕಾರು ಇ10ರಲ್ಲಿ 16.8 ಕೊಡುತ್ತಿದ್ದದ್ದು ಈಗ 16.1 ಕೊಡುತ್ತಿದೆ.

ಹಂತ 7: ಇ85ಗೆ ಮುನ್ನ ಇಂಜೆಕ್ಟರಿನ ಲೆಕ್ಕ

ಮಾನ್ಯತೆ ಪಡೆದ ಕಿಟ್ ಸಿಕ್ಕಿತು, ಬಂಕೂ ಹತ್ತಿರ ಇದೆ ಎಂದುಕೊಳ್ಳಿ. ಆದರೂ ಕೇಳಬೇಕಾದ ಪ್ರಶ್ನೆ: ನಿಮ್ಮ ಇಂಜೆಕ್ಟರ್ ಅಷ್ಟು ಇಂಧನ ಸುರಿಯಬಲ್ಲದೇ?

ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸುತ್ತು. ಎರಡು ಸುತ್ತಿಗೆ ಒಂದು ಸಲ ಇಂಧನ ಬೀಳಬೇಕು, ಅಂದರೆ ಇಂಜೆಕ್ಟರಿಗೆ ಸಿಗುವ ಸಮಯ 20 ಮಿಲಿಸೆಕೆಂಡ್. ಪೆಟ್ರೋಲಿನಲ್ಲಿ ಪೂರ್ಣ ಭಾರದಲ್ಲಿ ಅದು 15 ಮಿಲಿಸೆಕೆಂಡ್ ತೆರೆದಿರುತ್ತದೆ ಎಂದಿಟ್ಟುಕೊಳ್ಳಿ. ಇ85ಗೆ ಗಾತ್ರದಲ್ಲಿ ಸುಮಾರು ಶೇ 40 ಹೆಚ್ಚು ಇಂಧನ ಬೇಕು. 15ಕ್ಕೆ ಶೇ 40 ಸೇರಿಸಿದರೆ 21. ಇರುವುದೇ 20. ಇಂಜೆಕ್ಟರ್ ಮುಚ್ಚದೆ ತೆರೆದೇ ಇದ್ದರೂ ಸಾಲದು.

ಇದರ ಅಪಾಯ ಮನೆಯ ಮುಂದೆ ನಿಂತ ಕಾರಿನಲ್ಲಿ ಗೊತ್ತಾಗುವುದಿಲ್ಲ. ಐಡಲ್‌ನಲ್ಲಿ ಬೇಕಾಗುವುದು ಎರಡು ಮೂರು ಮಿಲಿಸೆಕೆಂಡ್ ಮಾತ್ರ. ಕಂಪ್ಯೂಟರ್ ಎಲ್ಲವನ್ನೂ ತೂಗಿಸಿ ಎಂಜಿನನ್ನು ಹೂವಿನಂತೆ ಓಡಿಸುತ್ತದೆ. ಏರಿನಲ್ಲಿ, ಐದು ಜನ ಕುಳಿತು, ಎ.ಸಿ. ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಧನ ಸಾಲದೆ ಮಿಶ್ರಣ ತೆಳುವಾಗಿ ಬಿಸಿ ಏರುತ್ತದೆ. ಪಿಸ್ಟನ್, ವಾಲ್ವ್ ಸುಡುವುದು ಆಗ. "ಕಿಟ್ ಹಾಕಿದೆ, ಸ್ಟಾರ್ಟ್ ಆಯಿತು, ಮುಗಿಯಿತು" ಎನ್ನುವ ಅಂಗಡಿಯಿಂದ ದೂರ ಇರಲು ಇಷ್ಟು ಕಾರಣ ಸಾಕು. ಹೆಚ್ಚು ಹರಿವಿನ ಇಂಜೆಕ್ಟರ್ ಹಾಕುತ್ತೀರಾ, ಪಂಪಿನ ಸಾಮರ್ಥ್ಯ ಅಳೆದಿದ್ದೀರಾ ಎಂದು ಕೇಳಿ. ಉತ್ತರದಲ್ಲೇ ಮನುಷ್ಯ ತಿಳಿಯುತ್ತಾನೆ.

ಕಾರ್ಬ್ಯುರೇಟರಿನ ಹಳೆಯ ಗಾಡಿಗಳಲ್ಲಿ ಇದೇ ಕೆಲಸವನ್ನು ಜೆಟ್, ಅಂದರೆ ಇಂಧನ ಹರಿಯುವ ಸಣ್ಣ ರಂಧ್ರ, ದೊಡ್ಡದು ಮಾಡಿ ಸಾಧಿಸುತ್ತಿದ್ದರು. ಶೇ 40 ಹೆಚ್ಚು ಹರಿವಿಗೆ ಜೆಟ್ಟಿನ ವ್ಯಾಸ ಸುಮಾರು ಶೇ 18 ಹಿಗ್ಗಬೇಕು. ಆದರೆ ಹಿಗ್ಗಿಸಿದ ಮೇಲೆ ಪೆಟ್ರೋಲಿಗೆ ಮರಳುವ ದಾರಿ ಇಲ್ಲ.

ಹಂತ 8: ಕಿಟ್ ಜೋಡಣೆ

ಡಬ್ಬದ ಕೆಲಸ ಸರಳ. ಕಾರಿನ ಕಂಪ್ಯೂಟರ್ ಇಂಜೆಕ್ಟರಿಗೆ ಕಳಿಸುವ ಆಜ್ಞೆಯನ್ನು ನಡುವೆ ಹಿಡಿದು, ತೆರೆದಿರುವ ಸಮಯವನ್ನು ಉದ್ದ ಮಾಡಿ ಮುಂದೆ ಕಳಿಸುತ್ತದೆ. ಪ್ರತಿ ಇಂಜೆಕ್ಟರಿನ ಪ್ಲಗ್ ಬಿಚ್ಚಿ ಡಬ್ಬದ ವೈರನ್ನು ಮಧ್ಯೆ ಸೇರಿಸಬೇಕು. ಜಪಾನಿ ಮೂಲದ ಕಾರುಗಳ ಪ್ಲಗ್ ಬೇರೆ, ಯುರೋಪಿನದು ಬೇರೆ. ಕೊಳ್ಳುವ ಮುನ್ನ ಹೊಂದಿಸಿ ನೋಡಿ, ವೈರ್ ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ. ಡಬ್ಬವನ್ನು ಸೈಲೆನ್ಸರಿನ ಬಿಸಿಯಿಂದ ದೂರ, ನೀರು ಚಿಮ್ಮದ ಕಡೆ ಕೂರಿಸಿ.

ಎಥನಾಲ್ ಸೆನ್ಸರ್ ಇರುವ ಕಿಟ್ಟನ್ನೇ ಆರಿಸಿ. ಸೆನ್ಸರ್ ಇಲ್ಲದ ಅಗ್ಗದ ಕಿಟ್ ಊಹೆಯ ಮೇಲೆ ನಡೆಯುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಸೆನ್ಸರ್ ಇಂಧನದ ಪೈಪಿನಲ್ಲೇ ಕೂತು ಕಂಪನಾಂಕದಲ್ಲಿ ಉತ್ತರ ಹೇಳುತ್ತದೆ: ಎಥನಾಲ್ ಇಲ್ಲದಿದ್ದರೆ 50 ಹರ್ಟ್ಸ್, ಪೂರ್ತಿ ಎಥನಾಲ್ ಆದರೆ 150. ಅಂದರೆ ಬಂದ ಅಂಕಿಯಿಂದ 50 ಕಳೆದರೆ ಶೇಕಡಾವಾರು ಸಿಕ್ಕಿತು. ಬಂಕಿನ ಇ20 ಇದ್ದಾಗ 70ರ ಆಸುಪಾಸು ತೋರಿಸದಿದ್ದರೆ ಇ85 ಹಾಕುವ ಮಾತೇ ಬೇಡ, ಜೋಡಣೆ ತಪ್ಪಿದೆ. ಮೀಟರ್ ಹಿಡಿದು ಇಷ್ಟನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಸ್ಪಾರ್ಕ್ ಪ್ಲಗ್‌ಗಳನ್ನು ಒಂದು ದರ್ಜೆ ತಣ್ಣಗಿನದಕ್ಕೆ ಬದಲಿಸಿ. ಎಂಜಿನ್ ಆಯಿಲ್ ಬದಲಿಸುವ ಅಂತರವನ್ನು ಅರ್ಧಕ್ಕೆ ಇಳಿಸಿ, ವಿಶೇಷವಾಗಿ ಮನೆ, ಶಾಲೆ, ಮಾರ್ಕೆಟ್ ಎಂದು ಸಣ್ಣ ಓಡಾಟವೇ ಹೆಚ್ಚಿದ್ದರೆ. ಎಂಜಿನ್ ಕಾಯುವ ಮುನ್ನವೇ ಆರಿದಾಗ ಉರಿಯದ ಇಂಧನ ಆಯಿಲ್‌ಗೆ ಇಳಿಯುತ್ತದೆ.

ಹಂತ 9: ಚಳಿಯ ಬೆಳಗು

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಕೊಡುತ್ತದೆ. ಶುದ್ಧ ಎಥನಾಲ್ ಸುಮಾರು 13ರಿಂದ 16 ಡಿಗ್ರಿಗಿಂತ ಕೆಳಗೆ ಕೈಕೊಡುತ್ತದೆ. ಮಾರ್ಚ್‌ನ ದಾವಣಗೆರೆಯಲ್ಲಿ ಈ ಮಾತಿಗೆ ನಗಬಹುದು. ಡಿಸೆಂಬರ್ ಕೊನೆಯ ಬೆಳಗಿನ ಜಾವ, ಚಿತ್ರದುರ್ಗದ ಬೆಟ್ಟದ ಗಾಳಿ ಬೀಸುವ ಕಡೆ ಕಾರು ನಿಲ್ಲಿಸಿದ್ದವರು ನಗುವುದಿಲ್ಲ. ಬ್ರೆಜಿಲ್‌ನ ಕಾರುಗಳಲ್ಲಿ ಇದಕ್ಕಾಗಿಯೇ ಬಾನೆಟ್ ಕೆಳಗೆ ಪೆಟ್ರೋಲಿನ ಪುಟ್ಟ ಟ್ಯಾಂಕ್ ಇರುತ್ತಿತ್ತು. ನಮಗೆ ಸುಲಭದ ದಾರಿ, ನವೆಂಬರ್‌ನಿಂದ ಫೆಬ್ರುವರಿವರೆಗೆ ಟ್ಯಾಂಕಿನಲ್ಲಿ ಬಂಕಿನ ಪೆಟ್ರೋಲ್ ಪಾಲು ಹೆಚ್ಚಿಡುವುದು. ಸೆಲ್ಫ್ ಒಂದೇ ಸಮನೆ ಹೊಡೆಯುತ್ತಾ ಹೋಗಬೇಡಿ. ಐದು ಸೆಕೆಂಡ್, ಬಿಡುವು, ಮತ್ತೆ ಐದು ಸೆಕೆಂಡ್.

ಹಂತ 10: ಏರುತ್ತಾ ಹೋಗಿ

ಮೊದಲ ದಿನವೇ ಪೂರ್ತಿ ಟ್ಯಾಂಕ್ ಎಥನಾಲ್ ಹಾಕಿಸಬೇಡಿ. ಶೇ 30, ಶೇ 45, ಶೇ 60 ಎಂದು ಮೆಟ್ಟಿಲು ಹತ್ತಿ. ಪ್ರತಿ ಮೆಟ್ಟಿಲಿನಲ್ಲಿ 100 ಕಿ.ಮೀ. ಓಡಿಸಿ ಟ್ರಿಮ್ ಬರೆದಿಡಿ. ಸ್ಕ್ಯಾನರ್ ಪಕ್ಕದ ಸೀಟಿನವರ ಕೈಯಲ್ಲಿರಲಿ, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ಖಾಲಿ ಏರು ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಪೂರ್ಣ ಆಕ್ಸಿಲರೇಟರ್ ಕೊಟ್ಟಾಗ ವೈಡ್‌ಬ್ಯಾಂಡ್ ಸೆನ್ಸರಿನಲ್ಲಿ (ಮಿಶ್ರಣವನ್ನು ಕರಾರುವಾಕ್ಕಾಗಿ ಅಳೆಯುವ ಆಕ್ಸಿಜನ್ ಸೆನ್ಸರ್) ಲ್ಯಾಂಬ್ಡಾ 1ಕ್ಕಿಂತ ಮೇಲೆ ಹೋದರೆ, ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾದರೆ, ತಕ್ಷಣ ಕಾಲು ತೆಗೆಯಿರಿ. ಕಾರಿನ ಸ್ವಂತ ಆಕ್ಸಿಜನ್ ಸೆನ್ಸರ್ ಈ ಸೂಕ್ಷ್ಮ ಹೇಳಲಾರದು. ವೈಡ್‌ಬ್ಯಾಂಡ್ ಇರುವ ಗ್ಯಾರೇಜಿನಲ್ಲೇ ಈ ಪರೀಕ್ಷೆ ಮಾಡಿಸಿ. ಎಂಜಿನ್ ದೀಪ ಹೊತ್ತಿ ಪಿ0171 ಎಂಬ ಸಂಕೇತ ಬಂದರೆ ಮಿಶ್ರಣ ತೆಳುವಾಗಿದೆ ಎಂದರ್ಥ. ಸಂಕೇತ ಅಳಿಸಿ ಮುಂದುವರಿಯುವುದು ಜ್ವರ ಬಂದಾಗ ಥರ್ಮಾಮೀಟರ್ ಒಡೆದಂತೆ.

ಒಂದು ಸಂತೋಷದ ಸಂಗತಿಯೂ ಇದೆ. ಎಥನಾಲ್‌ನ ಆಕ್ಟೇನ್ (ಇಂಧನ ಅಕಾಲದಲ್ಲಿ ಸಿಡಿಯದಂತೆ ತಡೆಯುವ ಗುಣದ ಅಳತೆ) 108ರ ಆಸುಪಾಸು, ಆವಿಯಾಗುವಾಗ ಹೆಚ್ಚು ಶಾಖ ಹೀರಿ ಗಾಳಿಯನ್ನು ತಂಪು ಮಾಡುತ್ತದೆ. ಬೇಸಿಗೆಯಲ್ಲಿ ಏರು ಹತ್ತುವಾಗ ಕೇಳುತ್ತಿದ್ದ ಟಿಣ್ ಟಿಣ್ ನಾಕಿಂಗ್ ಸದ್ದು ಕಡಿಮೆಯಾಗುತ್ತದೆ.

ಖರ್ಚಿನ ಮಾತು

ಬ್ರೆಜಿಲ್‌ನವರು ಬಂಕಿನ ಮುಂದೆ ನಿಂತು ಒಂದು ಗುಣಾಕಾರ ಮಾಡುತ್ತಾರೆ: ಎಥನಾಲ್ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆ ಇದ್ದರೆ ಎಥನಾಲ್, ಇಲ್ಲದಿದ್ದರೆ ಪೆಟ್ರೋಲ್. ನಮ್ಮ ಬಂಕಿನ ಪೆಟ್ರೋಲಿನಲ್ಲಿ ಈಗಾಗಲೇ ಶೇ 20 ಎಥನಾಲ್ ಇರುವುದರಿಂದ ನಮ್ಮ ಲೆಕ್ಕ ಸ್ವಲ್ಪ ಬೇರೆ. ಇ20ರ ಒಂದು ಲೀಟರಿನಲ್ಲಿ ಸುಮಾರು 29.8 ಮೆಗಾಜೂಲ್, ಇ85ರಲ್ಲಿ 22.7. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಇದ್ದರೆ ಇ85 ಸುಮಾರು 76 ರೂಪಾಯಿಗಿಂತ ಕೆಳಗಿದ್ದಾಗ ಮಾತ್ರ ಲಾಭ. ಅದಕ್ಕೂ ಕಿಟ್, ಇಂಜೆಕ್ಟರ್, ಅರ್ಧ ಅಂತರದ ಆಯಿಲ್ ಖರ್ಚು ಸೇರಿಸಿ. ತಿಂಗಳಿಗೆ 500 ಕಿ.ಮೀ. ಓಡುವ ಮನೆಯ ಕಾರಿಗೆ ಇದು ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಇ20ಗೆ ಮಾಡಿದ ಪೈಪು ಫಿಲ್ಟರಿನ ಖರ್ಚಿಗೆ ಮಾತ್ರ ಎರಡು ಮಾತಿಲ್ಲ. ಹಳೆಯ ಪೈಪು ಬಿಸಿ ಎಂಜಿನ್ ಮೇಲೆ ಸೋರಿದರೆ ಆಗುವುದು ದುರಸ್ತಿಯ ಖರ್ಚು ಮಾತ್ರವಲ್ಲ.

ಕೊನೆಗೆ ಮಾಡುವ ಕೆಲಸ

ಇಂಧನ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ: ಪೈಪು ಬದಲಿಸಿದ ದಿನಾಂಕ, ಕಿಲೊಮೀಟರ್, ಎರಡನೆಯ ಫಿಲ್ಟರ್ ಯಾವಾಗ, ಈ ಕಾರಿಗೆ ಯಾವ ಇಂಧನದವರೆಗೆ ಸರಿ. ಕಾರನ್ನು ನೀವೊಬ್ಬರೇ ಓಡಿಸುವುದಿಲ್ಲ. ಮದುವೆಗೆಂದು ಭಾವ ಒಯ್ಯುತ್ತಾರೆ, ಬಂಕಿನ ಹುಡುಗ ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಡಿಕ್ಕಿಯಲ್ಲಿ ಒಂದು ಹೊಸ ಫಿಲ್ಟರ್, ಎರಡು ಕ್ಲಾಂಪ್, 10ರ ಸ್ಪ್ಯಾನರ್ ಇರಲಿ. ಸೀಳಿದ ಆ ಹಳೆಯ ಪೈಪಿನ ತುಂಡನ್ನು ನಾನು ಎಸೆದಿಲ್ಲ, ನೋಟ್‌ಬುಕ್ ಜೊತೆ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. "ನಮ್ಮ ಕಾರಿಗೆ ಏನೂ ಆಗಿಲ್ಲ, ಚೆನ್ನಾಗಿ ಓಡುತ್ತಿದೆ" ಎನ್ನುವವರ ಕೈಗೆ ಅದನ್ನು ಕೊಟ್ಟು, ಬಗ್ಗಿಸಿ ನೋಡಿ ಎನ್ನುತ್ತೇನೆ.